ಹಳೆಯ ಪಿನ್‌ಬಾಲ್ ಯಂತ್ರ: ಬೆಲೆ ಕಟ್ಟುವ ಬಗೆ



ಇಳಿಜಾರಾದ ಒಂದು ಹಲಗೆ, ಅದರ ಮೇಲೆ ಗಾಜು, ಒಳಗೆ ಉರುಳುವ ಉಕ್ಕಿನ ಗುಂಡು. ಪಕ್ಕದ ಗುಂಡಿ ಒತ್ತಿದರೆ ಫ್ಲಿಪ್ಪರ್ ಎಂಬ ಪುಟ್ಟ ಕೈಗಳು ಗುಂಡನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಇದೇ ಪಿನ್‌ಬಾಲ್. ಅಮೆರಿಕದ ಶಿಕಾಗೊ ಈ ಯಂತ್ರಗಳ ತವರು. ಒಂದು ಕಾಲಕ್ಕೆ ಚಿಲ್ಲರೆ ನಾಣ್ಯ ಹಾಕಿ ಆಡುತ್ತಿದ್ದ ಇಂಥ ಯಂತ್ರಗಳಿಗೆ ಇಂದು ಸಂಗ್ರಾಹಕರು ಸಾವಿರಾರು ಡಾಲರ್ ಕೊಡುವುದುಂಟು. ಈ ಬೆಲೆಯನ್ನು ನಿರ್ಧರಿಸುವುದು ಹೇಗೆ?

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂದು ನೀವು ಹೇಳಬಹುದು. ಅದು ಪೂರ್ತಿ ನಿಜವಲ್ಲ. ಗಾಟ್ಲೀಬ್ ಸಂಸ್ಥೆಯ 'ಬ್ಯಾಫಲ್ ಬಾಲ್' ಬಂದದ್ದು 1931ರಲ್ಲಿ. ಅದರಲ್ಲಿ ಫ್ಲಿಪ್ಪರ್ ಇರಲಿಲ್ಲ. ಅದು ಬಂದದ್ದು 1947ರಲ್ಲಿ, ಅದೇ ಸಂಸ್ಥೆಯ 'ಹಂಪ್ಟಿ ಡಂಪ್ಟಿ'ಯಲ್ಲಿ. ಆದರೆ 1992ರ 'ಆಡಮ್ಸ್ ಫ್ಯಾಮಿಲಿ' ಎಂಬ ಯಂತ್ರ 1930ರ ದಶಕದ ಅನೇಕ ಯಂತ್ರಗಳಿಗಿಂತ ದುಬಾರಿ. ಅದು ಅಪರೂಪವೂ ಅಲ್ಲ. 20,000ಕ್ಕೂ ಹೆಚ್ಚು ತಯಾರಾಗಿದ್ದವು. ಆಟ ಚೆನ್ನಾಗಿದೆ, ಎಳೆತನದಲ್ಲಿ ಅದನ್ನು ಆಡಿದವರು ಇಂದು ಕೊಳ್ಳುವ ಶಕ್ತಿ ಪಡೆದಿದ್ದಾರೆ. ಬೆಲೆಗೆ ವಯಸ್ಸಿಗಿಂತ ಬೇಡಿಕೆಯೇ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಎಷ್ಟು ತಯಾರಾದವು ಎಂಬುದು ಒಂದು ಲೆಕ್ಕ, ಎಷ್ಟು ಉಳಿದಿವೆ ಎಂಬುದು ಇನ್ನೊಂದು. ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿತು. ಪೊಲೀಸರು ಯಂತ್ರಗಳನ್ನು ವಶಪಡಿಸಿಕೊಂಡು ಒಡೆದುಹಾಕಿದರು. ನಿಷೇಧ ತೆರವಾದದ್ದು 1976ರಲ್ಲಿ.

ಈಗ ಯಂತ್ರದ ಮುಂದೆ ನಿಲ್ಲೋಣ. ಮೊದಲು ಎದುರಿನ ಚಿತ್ರದ ಗಾಜನ್ನು ನೋಡಿ. ಬಣ್ಣ ಗಾಜಿನ ಹಿಂಬದಿಯಲ್ಲಿರುತ್ತದೆ; ಬಿಸಿ ಮತ್ತು ತೇವದಿಂದ ಅದು ಚಕ್ಕೆಯಾಗಿ ಏಳುತ್ತದೆ. ಹಿಂದಿನಿಂದ ದೀಪ ಹಿಡಿದರೆ ಬಣ್ಣ ಉದುರಿದ ಜಾಗ ಬೆಳ್ಳಗೆ ಕಾಣುತ್ತದೆ. ಬಟ್ಟೆಯಿಂದ ಒರೆಸಲು ಹೋಗಬೇಡಿ, ಉಳಿದ ಬಣ್ಣವೂ ಕೈಗೆ ಬಂದೀತು. ಅನಂತರ ಆಟದ ಹಲಗೆ. ಗುಂಡು ಹೆಚ್ಚು ಓಡಾಡಿದ ಕಡೆ, ಕುಳಿಗಳ ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುತ್ತದೆಯೇ ಎಂದು ಪರೀಕ್ಷಿಸಿ. 1970ರ ದಶಕದ ಕೊನೆಯಿಂದ ಬಂದ ಎಲೆಕ್ಟ್ರಾನಿಕ್ ಯಂತ್ರವಾದರೆ ಸರ್ಕ್ಯೂಟ್ ಹಲಗೆಯನ್ನೂ ನೋಡಬೇಕು. ಅಲ್ಲಿನ ಬ್ಯಾಟರಿ ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಕೊನೆಗೆ ಒಂದು ಆಟವನ್ನು ಪೂರ್ತಿ ಆಡಿ. ದೀಪ ಉರಿದ ಮಾತ್ರಕ್ಕೆ ಯಂತ್ರ ಸರಿಯಿದೆ ಎಂದಲ್ಲ.

ರಬ್ಬರ್ ಉಂಗುರಗಳನ್ನು ಬದಲಿಸಿದ್ದರೆ ದೋಷವಿಲ್ಲ, ಅವು ಸವೆಯಲೆಂದೇ ಇರುವ ಭಾಗಗಳು. ಆದರೆ ಹೊಸದಾಗಿ ಅಚ್ಚು ಹಾಕಿದ ಗಾಜು, ಮತ್ತೆ ಬಳಿದ ಬಣ್ಣ ಮೂಲದ್ದಲ್ಲ. ಅವು ಇದ್ದರೆ ತಪ್ಪಲ್ಲ; ಇವೆಯೆಂದು ಹೇಳದಿರುವುದು ತಪ್ಪು.

ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ. ಅದೇ ಮಾದರಿ, ಅದೇ ಸ್ಥಿತಿಯ ಯಂತ್ರ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಎಂದು ವಿಚಾರಿಸಿ. ಅದರಿಂದ ದುರಸ್ತಿಯ ಖರ್ಚನ್ನು ಕಳೆಯಿರಿ. ಸುಮಾರು ನೂರು ಕಿಲೊ ತೂಗುವ ಈ ಪೆಟ್ಟಿಗೆಯನ್ನು ಸಾಗಿಸುವ ಖರ್ಚನ್ನೂ ಮರೆಯಬೇಡಿ.

ಕೊನೆಯದಾಗಿ ಒಂದು ಮಾತು. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಯಂತ್ರ ಮೂಲೆಯಲ್ಲಿ ಉಳಿದಿದೆ ಎಂದುಕೊಳ್ಳಿ. ಮನೆಯವರಿಗೆ ಅದರ ಬೆಲೆ ಗೊತ್ತಿಲ್ಲ. ನೋಡಲು ಬಂದ ಜಾಣರು ಒಂದು ಮೊತ್ತ ಹೇಳಿ, ತಾವೇ ಕೊಳ್ಳುತ್ತೇವೆ ಎನ್ನುತ್ತಾರೆ. ಅಲ್ಲಿ ತಕ್ಕಡಿ ಹಿಡಿದವರೇ ಗಿರಾಕಿಯೂ ಆದರು! ಬೆಲೆ ಕಟ್ಟುವವರಿಗೆ ಕೊಳ್ಳುವ ಆಸೆ ಇರಬಾರದು. ಇದ್ದರೆ ಅದನ್ನು ಮೊದಲೇ ಹೇಳಬೇಕು. ನಾಳೆ ನೀವು ಯಾವುದೇ ಹಳೆಯ ವಸ್ತುವಿಗೆ ಬೆಲೆ ಹೇಳುವಾಗ ಇದು ನೆನಪಿನಲ್ಲಿರಲಿ. ತಿಳಿವಳಿಕೆ ಅಭ್ಯಾಸದಿಂದ ಬಂದೀತು. ಪ್ರಾಮಾಣಿಕತೆಯನ್ನು ಮಾತ್ರ ನಾವೇ ಜೊತೆಗೆ ಒಯ್ಯಬೇಕು.