ಹಳೆಯ ಟರ್ಬೊ ಕಾರು ಕೊಳ್ಳುವವರಿಗೆ



ಸ್ಕೋಡಾ ಕಂಪನಿ 2004ರಲ್ಲಿ ಆಕ್ಟೇವಿಯಾ ಆರ್‌ಎಸ್ ಎಂಬ ಕಾರನ್ನು ಭಾರತದ ಮಾರುಕಟ್ಟೆಗೆ ತಂದಿತು. ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರು. ಬಾನೆಟ್ ಎತ್ತಿದರೆ 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಆ ಕಾಲಕ್ಕೆ ಅದು ದೊಡ್ಡ ಮಾತು. ಈಗ ಇಪ್ಪತ್ತು ವರ್ಷ ಹಳೆಯದಾದ ಇದೇ ಕಾರನ್ನು ಹುಡುಕಿ ತಂದು, ಸರಿಮಾಡಿಸಿಕೊಂಡು, ದಿನಾ ಕೆಲಸಕ್ಕೆ ಓಡಿಸಬೇಕೆಂದು ಆಸೆಪಡುವವರಿದ್ದಾರೆ. ಆ ಆಸೆ ನನಗೆ ಅರ್ಥವಾಗುತ್ತದೆ, ಮೆಚ್ಚುಗೆಯೂ ಇದೆ. ಆದರೆ ಮಾರುವವರನ್ನು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದಕ್ಕೆ ಆಯಿಲ್ ಯಾವಾಗ ಯಾವಾಗ ಬದಲಾಯಿಸಿದ್ದೀರಿ, ಬಿಲ್ಲು ಇದೆಯೇ?

ಈ ಪ್ರಶ್ನೆ ಯಾಕೆ ಮುಖ್ಯವೆಂದು ತಿಳಿಯಲು ಟರ್ಬೊ ಕೆಲಸಮಾಡುವ ಬಗೆ ಗೊತ್ತಿರಬೇಕು. ಎಂಜಿನ್ನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ಬೇರಿಂಗಿನೊಳಗಿನ ತೆಳ್ಳನೆಯ ಆಯಿಲ್ ಪದರ ಮಾತ್ರ. ಕಾರನ್ನು ಜೋರಾಗಿ ಓಡಿಸಿ, ನಿಲ್ಲಿಸಿದ ತಕ್ಷಣ ಎಂಜಿನ್ ಆಫ್ ಮಾಡುತ್ತ ಬಂದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುತ್ತದೆ. ಆಯಿಲ್ ಬದಲಾಯಿಸದೆ ದಿನ ತಳ್ಳಿದರೆ ಜಿಗುಟು ಕಪ್ಪು ಗಸಿ ಕಟ್ಟಿ, ಆಯಿಲ್ ಚೇಂಬರಿನ ಜಾಲರಿಯೇ ಮುಚ್ಚಿಹೋಗುತ್ತದೆ. ಇದೇ ಎಂಜಿನ್ ಕುಟುಂಬದ ಪಸಾಟ್ ಕಾರುಗಳಲ್ಲಿ ಈ ತೊಂದರೆ ಎಷ್ಟು ಕಂಡಿತೆಂದರೆ, ಅಮೆರಿಕದಲ್ಲಿ ಅದಕ್ಕಾಗಿಯೇ ಆ ಕಾರಿನ ಕಂಪನಿ ವಾರಂಟಿ ವಿಸ್ತರಿಸಬೇಕಾಯಿತು.

ಹಾಗಾಗಿ ಕಾರು ನೋಡಲು ಬೆಳಗ್ಗೆ ಹೋಗಿ. ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಆಯಿಲ್ ಮುಚ್ಚಳ ತೆಗೆದು ಅದರ ಒಳಮೈಯನ್ನು ಬೆರಳಿನಿಂದ ಸವರಿ. ಗಟ್ಟಿ ಕಪ್ಪು ಗಸಿ ಅಂಟಿದರೆ ಬೇರೆ ಕಾರು ನೋಡುವುದು ಒಳ್ಳೆಯದು. ತಣ್ಣಗಿರುವ ಎಂಜಿನ್ ಚಾಲೂ ಮಾಡಿಸಿ ಸೈಲೆನ್ಸರ್ ಹತ್ತಿರ ನಿಂತು ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಮತ್ತೆ ಎಂಜಿನ್ ನಿಲ್ಲಿಸಿ, ಮೆಕ್ಯಾನಿಕ್ ಕೈಯಲ್ಲಿ ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಿಸಿ. ಒಳಗೆ ಕಾಣುವ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದಾಗ ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ. ಹಿಂದೆ ಮುಂದೆ ಆಡಿದರೆ, ಅಥವಾ ಅದರ ಎಲೆಗಳು ಗೂಡಿಗೆ ತಾಗಿದ ಗುರುತಿದ್ದರೆ, ಟರ್ಬೊ ಮುಗಿದಿದೆ. ಬೇರೆ ಟರ್ಬೊದ ಬೆಲೆ ವಿಚಾರಿಸಿ ಆಮೇಲೆ ಚೌಕಾಶಿಗೆ ಕೂತುಕೊಳ್ಳಿ.

ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲವೆಂದರೆ, ಬದಲಾಯಿಸಿಲ್ಲ ಎಂದೇ ಎಣಿಸಿ. ಈ ಎಂಜಿನ್ನಿನಲ್ಲಿ ಬೆಲ್ಟ್ ಕಿತ್ತರೆ ವಾಲ್ವ್‌ಗಳು ಬಾಗುತ್ತವೆ, ಅವು ಇಪ್ಪತ್ತು ಇವೆ. ಬೆಲ್ಟಿನ ಜೊತೆಗೆ ವಾಟರ್ ಪಂಪನ್ನೂ ಹಾಕಿಸಿಬಿಡಿ. ಹಳೆಯ ರಬ್ಬರ್ ಪೈಪುಗಳು, ಇಗ್ನಿಷನ್ ಕಾಯಿಲ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಈಗ ಬಂಕುಗಳಲ್ಲಿ ಸಿಗುವ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾರೂ ಇದಲ್ಲ. ಇಂಧನದ ಪೈಪುಗಳನ್ನು ಪರೀಕ್ಷಿಸಲೇಬೇಕು.

ಕಾಗದಪತ್ರದ ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಓಗೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿಸ್ ನಂಬರನ್ನು ನಿಮ್ಮ ಕಣ್ಣಾರೆ ಹೋಲಿಸಿ. ಹೊರರಾಜ್ಯದ ಗಾಡಿಯಾದರೆ ಎನ್‌ಓಸಿ, ಇಲ್ಲಿನ ತೆರಿಗೆ ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಕೊಳ್ಳುವ ಬೆಲೆಯಷ್ಟೇ ದುಡ್ಡನ್ನು ರಿಪೇರಿಗೆಂದು ಬೇರೆ ತೆಗೆದಿಡಲು ಆಗುವುದಾದರೆ, ಬಿಡಿಭಾಗ ಬರುವ ತನಕ ಓಡಾಡಲು ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ, ಧೈರ್ಯವಾಗಿ ಕೊಳ್ಳಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಸದ್ಯಕ್ಕೆ ಬೇಡ.