ತಿಥಿಯೂ ತಾರೀಖೂ ಕೂಡಿದ ದಿನ

ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ, ತಂದೆಯೋ ತಾಯಿಯೋ ಗತಿಸಿ ಬಹು ವರ್ಷಗಳು ಸಂದಮೇಲೆಯೂ, ಅವರಿಗೆ ಪ್ರಿಯವಾಗಿದ್ದ ಅಡಿಗೆಯನ್ನು ಮಾಡಿದ ದಿನವೇ ಅವರ ಹಳೆಯ ಸ್ನೇಹಿತರೊಬ್ಬರು ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಂತರೆ, ಇಲ್ಲವೆ ಅವರ ಹೆಸರನ್ನೆತ್ತಿದ ಗಳಿಗೆಯಲ್ಲಿಯೇ ಅವರು ಗುನುಗುತ್ತಿದ್ದ ಪದವೊಂದು ನೆರೆಮನೆಯ ರೇಡಿಯೋದಿಂದ ತೇಲಿಬಂದರೆ, ಒಳಗಿನಿಂದ ಯಾರಾದರೊಬ್ಬರು “ಅಪ್ಪ ಬಂದ್ಹೋದ್ರು ನೋಡು” ಎನ್ನುವುದುಂಟು. ಆ ಮಾತಿಗೆ ಮನೆಯಲ್ಲಿ ಯಾರೂ ಪ್ರಮಾಣವನ್ನು ಬೇಡುವುದಿಲ್ಲ. ಬೇಡಬೇಕೆಂದು ನನಗೂ ತೋರುವುದಿಲ್ಲ. ಅಂತಹ ಗಳಿಗೆಯು ಬದುಕಿರುವವರಿಂದ ಏನನ್ನು ಬೇಡುತ್ತದೆ ಎಂಬುದೇ ನನ್ನನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ವಿಚಾರ.

ಹತ್ತನೆಯ ದಿನದ ಕರ್ಮವನ್ನು ಕಣ್ಣಾರೆ ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ನೀರಿನ ದಂಡೆಯಲ್ಲಿ ಪಿಂಡವನ್ನಿರಿಸಿ, ಹಿಂದಕ್ಕೆ ಸರಿದು, ಮಕ್ಕಳು ಮೊಮ್ಮಕ್ಕಳೆಲ್ಲ ಕಾಗೆಯ ದಾರಿಯನ್ನು ಕಾಯುತ್ತ ನಿಂತಿರುವಾಗ, ಕಾಗೆಗಳು ಮರದ ಕೊಂಬೆಯನ್ನು ಬಿಟ್ಟು ಕೆಳಗಿಳಿಯದೆ ಹೋದರೆ, ಮೊದಲು ಒಂದಿಷ್ಟು ಮೌನ, ಆಮೇಲೆ ಮೆಲ್ಲನೆಯ ಮಾತು: “ಏನಾರ ಮನಸಿನ್ಯಾಗ ಉಳದದ ಏನು?” ಆಗ ಒಬ್ಬೊಬ್ಬರಾಗಿ ಮುಂದೆ ಬಂದು ಕೈಮುಗಿದು, ಗತಿಸಿದವರ ಮನಸ್ಸಿನಲ್ಲಿ ಉಳಿದಿರಬಹುದಾದ ಆಸೆಯನ್ನು ಊಹಿಸಿ ಊಹಿಸಿ ನುಡಿಯತೊಡಗುತ್ತಾರೆ. “ಸಣ್ಣಾಕಿ ಮದುವಿ ನಾ ನಿಂತು ಮಾಡ್ತೀನ್ರೀ ಅಪ್ಪಾ.” “ಅವ್ವನ ಕಾಳಜಿ ಬಿಡ್ರಿ, ನಾ ನೋಡ್ಕೋತೀನಿ.” ಯಾವುದೋ ಒಂದು ಮಾತಿಗೆ ಸರಿಯಾಗಿ ಕಾಗೆ ಇಳಿದುಬಂದು ಅನ್ನವನ್ನು ಮುಟ್ಟಿದರೆ ನೆರೆದವರೆಲ್ಲರ ಕಣ್ಣು ಒದ್ದೆಯಾಗುತ್ತದೆ. ಎಷ್ಟು ಹೊತ್ತಾದರೂ ಬಾರದಿದ್ದರೆ ದರ್ಭೆಯಲ್ಲಿ ಕಾಗೆಯನ್ನು ಮಾಡಿ ಮುಟ್ಟಿಸುವ ಪದ್ಧತಿಯೂ ಇದೆ. ಹಕ್ಕಿಯು ಬಂದದ್ದು ತನ್ನ ಹಸಿವೆಗೇ ಇದ್ದೀತು. ಆದರೆ ನಾಲ್ಕು ಜನರೆದುರು ಅಣ್ಣನಾದವನು ಆಡಿದ ಮಾತು ಇನ್ನು ಹಿಂದಕ್ಕೆ ಬಾರದು. ಆ ದಂಡೆಯ ಮೇಲೆ ಕೊಟ್ಟ ಮಾತಿನಂತೆ ನೆರವೇರಿದ ಮದುವೆಗಳನ್ನು ನಾನು ಬಲ್ಲೆ.

ಈ ಅವಳಿ ನಗರಗಳ ಇಬ್ಬರು ಮಹನೀಯರ ಬಾಳನ್ನು ನೆನೆದಾಗಲೂ, ಗತಿಸಿದವರು ಬದುಕಿರುವವರಿಂದ ಹೀಗೆಯೇ ಏನನ್ನೋ ನಡೆಸಿಕೊಳ್ಳುತ್ತಾರೆಂಬ ಭಾವನೆ ನನಗೆ ಉಂಟಾಗುತ್ತದೆ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ತಮ್ಮ ಕಾವ್ಯಕ್ಕೆ ತಾಯಿ ಅಂಬವ್ವನ ಹೆಸರನ್ನೇ ಮುಂದಿಟ್ಟುಕೊಂಡು ಅಂಬಿಕಾತನಯದತ್ತರಾದರು. ಮನೆಯ ಮಾತು ಮರಾಠಿಯಾಗಿದ್ದ ಆ ತಾಯಿಯ ಹೆಸರು ಮಗನ ಅಂಕಿತದಲ್ಲಿ ಸೇರಿ, ಕನ್ನಡ ಓದುವ ಪ್ರತಿಯೊಬ್ಬರ ನಾಲಗೆಯ ಮೇಲೂ ನೆಲೆಗೊಂಡಿತು. 1973ರ ಜ್ಞಾನಪೀಠ ಪ್ರಶಸ್ತಿ ‘ನಾಕುತಂತಿ’ಗೆ ಸಂದಾಗ ಆ ಗೌರವದಲ್ಲಿ ಅಂಬವ್ವನಿಗೂ ಪಾಲಿತ್ತೆಂದು ನಾನು ನಂಬಿದ್ದೇನೆ.

ಇನ್ನೊಬ್ಬರಾದ ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ತಾಯಿಯ ಹೆಸರು ಅಂಬಾಬಾಯಿ. ಆಕೆ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದುಸ್ತಾನಿಯ ಕಡೆಗೆ ಹರಿದುದನ್ನು ಕಂಡು, ತನ್ನ ಹಾಡುಗಾರಿಕೆಯ ಛಾಯೆಯು ಎಳೆಯ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದಳು. ಮಗಳ ಶಿಕ್ಷಣಕ್ಕಾಗಿಯೇ 1928ರಲ್ಲಿ ಸಂಸಾರವು ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಗೆ ಬಂದು ನೆಲೆಸಿತು. 1932ರಲ್ಲಿ ಅಂಬಾಬಾಯಿ ತೀರಿಕೊಂಡಳು. ಮುಂದೆ ಮಗಳು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಪಡೆದ ವಿದ್ಯೆಯನ್ನಾಗಲಿ, ದೇಶವೇ ತಲೆದೂಗಿದ ಆ ಗಂಭೀರ ಕಂಠವನ್ನಾಗಲಿ ಆಕೆ ಕೇಳಲಿಲ್ಲ. ಒಬ್ಬ ಗಾಯಕಿಗೆ ಹಾಡದಿರುವುದು ಎಷ್ಟು ಕಠಿನವಾದ ವ್ರತವೆಂಬುದನ್ನು ಸಂಗೀತದವರೇ ಹೇಳಬೇಕು. ಆ ವ್ರತದ ಫಲವನ್ನು ಗಂಗೂಬಾಯಿಯವರು ಬಹುಕಾಲ ನಮಗೆ ಹಂಚುತ್ತಲೇ ಬಂದರು.

ಒಬ್ಬರ ತಾಯಿ ಅಂಬವ್ವ, ಇನ್ನೊಬ್ಬರ ತಾಯಿ ಅಂಬಾಬಾಯಿ. ಅಂಬೆಯೆಂಬುದು ನಮ್ಮ ಸೀಮೆಯಲ್ಲಿ ಮನೆಮನೆಯ ಹೆಸರಾದುದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ಬಲ್ಲೆ. ಆದರೂ ಇಂತಹ ಹೊಂದಾಣಿಕೆ ಕಣ್ಣಿಗೆ ಬಿದ್ದಾಗ ಮನಸ್ಸು ಒಂದು ಗಳಿಗೆ ನಿಂತು ಕೈಮುಗಿಯುತ್ತದೆ.

ಇನ್ನು ನನ್ನ ಮನೆಯ ಮಾತು. ನಮ್ಮ ತಂದೆ ತೀರಿಕೊಂಡದ್ದು ಶ್ರಾವಣದಲ್ಲಿ. ಶ್ರಾದ್ಧವನ್ನು ತಿಥಿಯಂತೆ ಮಾಡುವವರಾದ ನಮಗೆ ಆ ದಿನವು ಒಂದು ವರ್ಷ ಹಿಂದೆ, ಒಂದು ವರ್ಷ ಮುಂದೆ ಸರಿಯುತ್ತ ಹೋಗುತ್ತಿತ್ತು. ಈ ವರ್ಷ ತಿಥಿಯೂ ತಾರೀಖೂ ಒಂದೇ ದಿನಕ್ಕೆ ಬಂದು ಕೂಡಿದವು. ಚಾಂದ್ರಮಾನದ 354 ದಿನಗಳ ವರ್ಷವು ಸೌರವರ್ಷಕ್ಕಿಂತ 11 ದಿನ ಹಿಂದೆ ಬೀಳುತ್ತ, 7 ಅಧಿಕಮಾಸಗಳಿಂದ ಆ ಕೊರತೆಯನ್ನು ತುಂಬಿಕೊಂಡು, 19 ವರ್ಷಗಳಲ್ಲಿ 235 ಚಾಂದ್ರಮಾಸಗಳನ್ನು ಮುಗಿಸಿ, ಹೆಚ್ಚುಕಡಮೆ ಅದೇ ತಾರೀಖಿಗೆ ಅದೇ ತಿಥಿಯನ್ನು ತಂದು ನಿಲ್ಲಿಸುತ್ತದೆಂಬ ಗಣಿತವು ಪಂಚಾಂಗ ಬಲ್ಲವರಿಗೆಲ್ಲ ಗೊತ್ತು. 441 ಎಂಬ ಸಂಖ್ಯೆಯನ್ನು ಅಷ್ಟೊಂದು ಪ್ರೀತಿಸಿದ ಬೇಂದ್ರೆಯವರು ಈ 19ರ ಲೆಕ್ಕದಲ್ಲಿಯೂ ಏನನ್ನು ಕಾಣುತ್ತಿದ್ದರೋ! ಲೆಕ್ಕ ತಿಳಿದಿದ್ದರೂ ನನ್ನ ಎದೆ ತುಂಬಿಬಂದುದು ನಿಜ.

ತಂದೆಯವರು ಹಳೆಯ ಪಂಚಾಂಗಗಳನ್ನು ಕಟ್ಟು ಕಟ್ಟಿ ಟ್ರಂಕಿನಲ್ಲಿ ಇಡುತ್ತಿದ್ದರು. ಎರಡು ವರ್ಷಗಳ ತಿಥಿಗಳನ್ನು ಸಾಲಿಗೆ ಸಾಲು ಹೊಂದಿಸಿ ನೋಡಬೇಕೆಂಬ ಆಸೆಯಿಂದ ಅವರ ಕೊನೆಯ ವರ್ಷದ್ದನ್ನು ತೆಗೆದೆ. ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಬರೆದ ಸಣ್ಣ ಅಕ್ಷರಗಳು: ಒಂದು ಕಡೆ “ರಾತ್ರಿ ಜಿಟಿಜಿಟಿ ಮಳಿ”, ಇನ್ನೊಂದು ಕಡೆ “ಕನ್ನಡಕ ರಿಪೇರಿ”, ನಾಗರಪಂಚಮಿಯ ಹಿಂದಿನ ದಿನದೆದುರು “ಉಂಡಿಗೆ ಬೆಲ್ಲ, ಶೇಂಗಾ. ಬಾಕಿ 85 ರೂ.” ಆ ಬಾಕಿಯ ಮೇಲೆ, ತೀರಿಸಿದಾಗ ಅವರು ತಪ್ಪದೆ ಎಳೆಯುತ್ತಿದ್ದ ಅಡ್ಡಗೆರೆ ಇರಲಿಲ್ಲ. ಹಬ್ಬ ಮುಗಿದ ಮೂರ್ನಾಲ್ಕು ದಿನಕ್ಕೆ ಅವರು ಹೋದರು. ಹತ್ತನೆಯ ದಿನ ಕಾಗೆಯು ತಡಮಾಡದೆ ಬಂದು ಮುಟ್ಟಿತ್ತಾದುದರಿಂದ, ಮನಸ್ಸಿನಲ್ಲಿ ಏನುಳಿದಿದೆಯೆಂದು ಅಂದು ಯಾರೂ ಕೇಳಿರಲಿಲ್ಲ.

ಅವರು ಆ ಬೆಲ್ಲ, ಶೇಂಗಾ ತಂದಿದ್ದ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಈಗ ಹಳೆಯ ಮಾಲಕರ ಮಗ ಕೂಡುತ್ತಾನೆ. ಹಣವನ್ನು ಮುಂದಿಟ್ಟು ಸಂಗತಿಯನ್ನು ತಿಳಿಸಿದಾಗ “ಎಷ್ಟ ಹಳೇದ್ರಿ ಸರ, ಬಿಡ್ರಿ” ಎಂದು ಕೈ ಹಿಂದಕ್ಕೆಳೆದುಕೊಂಡ. ಪಂಚಾಂಗದ ಪುಟವನ್ನು ತೋರಿಸಿದೆ. ಪೆನ್ಸಿಲಿನ ಗೆರೆಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದವನು, ಮರುಮಾತಿಲ್ಲದೆ ಹಣವನ್ನು ತೆಗೆದುಕೊಂಡು, ಖಾತೆಯ ಪುಸ್ತಕವನ್ನು ತೆರೆದು, ನನ್ನ ತಂದೆಯ ಹೆಸರಿನಲ್ಲಿ 85 ರೂಪಾಯಿ ಜಮೆ ಬರೆದುಕೊಂಡ. ಆಮೇಲೆ, “ಮಾನಮಿ ಅಮಾಸಿಗೆ ನಮ್ಮ ಹಿರೇರಿಗೆ ಎಡಿ ಹಿಡಿತೀವ್ರಿ. ನಮ್ಮಪ್ಪಂದೂ ಫೋಟೋ ಇಟ್ಟಿರ್ತೀವಿ. ನೀವು ಊಟಕ್ಕ ಬರಬೇಕು” ಎಂದ. ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.