ಬಿದ್ದ ಮನಿ, ಬರಿದಾದ ಹಗೇವು
(ದೇವರ ಹಿಪ್ಪರಗಿಯ ರೈತರ ಸಭೆಯಲ್ಲಿ ಆಡಿದ ಮಾತು)



ಬೆಲೆ-ಸಾಲದ ಸಭೆಯೊಳಗ ಬಿದ್ದ ಮನಿ ಮಾತ್ಯಾಕ ಅಂತೀರೇನು? ಮನಿ ಬೀಳೂದೂ ಬೆಲೆಯ ಮಾತೇ ಐತ್ರಿ.

ಹಿಪ್ಪರಗಿ ಈಗ ತಾಲೂಕಾ ಕೇಂದ್ರ. ಕಚೇರಿಗಳು ಬಂದವು. ಆದರೆ ಹಳೇ ಓಣಿಯಲ್ಲಿ ಬೀಗ ಬಿದ್ದ ಮನೆಗಳನ್ನು ಎಣಿಸಿ ನೋಡ್ರಿ. ನಾನು ಹುಟ್ಟಿದ ಮನೆಯೂ ಅದರಲ್ಲೊಂದು. ಮೊನ್ನೆ ಬಾಗಿಲು ತೆರೆದೆ. ಮಾಳಿಗೆ ಕುಸಿದು ಪಡಸಾಲೆ ತುಂಬ ಮಣ್ಣು. ಜಂತಿಗೆ ಗೆದ್ದಲು. ಎತ್ತು ಕಟ್ಟುವ ಜಾಗದಲ್ಲಿ ಜಾಲಿ ಹುಟ್ಟಿದೆ. ಕಲ್ಲಿನ ಗೋಡೆ ಮಾತ್ರ ಗಟ್ಟಿ ನಿಂತಿದೆ.

ಮಣ್ಣಿನ ಮಾಳಿಗೆ ಸುಮ್ಮನೆ ಬೀಳೂದಿಲ್ಲ. ವರ್ಷಾ ಮಳೆಗಾಲದ ಮುಂಚೆ ಮೇಲೆ ಕರಲ ಮಣ್ಣು ಹಾಕಿ ತುಳಿಯಬೇಕು. ಬಿಟ್ಟರೆ ಸೋರುತ್ತದೆ, ಸೋರಿದರೆ ತೊಲೆ ಕೊಳೆಯುತ್ತದೆ. ಮಣ್ಣು ಹೊರುವ ಕೈಗಳು ಗೋವಾ, ಪುಣೆ, ಮುಂಬೈ ಕಡೆ ದುಡಿಯಲು ಹೋದವು. ನಮ್ಮ ಅಣ್ಣತಮ್ಮಂದಿರೂ ಹೋದರು.

ಯಾಕೆ ಹೋದರು? ಅಂಗಳದ ಹಗೇವು ನೋಡಿದರೆ ತಿಳೀತದ. ಡೋಣಿ ಬೆಳೆದರೆ ಓಣೆಲ್ಲ ಕಾಳು ಅನ್ನುವ ಸೀಮೆ ನಮ್ಮದು. ಹಿರಿಯರು ನೆಲದೊಳಗೆ ಹಗೇವು ತೋಡಿ, ಸುತ್ತ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಡೆ ಹುಳ ಬದುಕುವುದಿಲ್ಲ. ಬರಕ್ಕೂ ಅದೇ ಗಂಟು, ರೇಟು ಬರೂತನಕ ಕಾಯಲಿಕ್ಕೂ ಅದೇ ಬಲ.

ನಮ್ಮಪ್ಪ ಸಾಲ ಮಾಡಿ ಬಾವಿ ತೋಡಿಸಿದ. ಬಾವಿ ನೀರು ಕೊಡಲಿಲ್ಲ. ಸಾಲ ಬೆನ್ನು ಬಿಡಲಿಲ್ಲ. ರಾಶಿ ಮುಗಿಯೂದರೊಳಗ ಸಾಲ ಕೊಟ್ಟವ ಕಣದ ಮ್ಯಾಲ ಬಂದು ಕೂಡತಿದ್ದ. ಜೋಳ ಹಗೇವಿಗೆ ಇಳಿಯದೆ ನೇರ ಅಡತಿ ಅಂಗಡಿಗೆ ಹೋಯಿತು. ಎಲ್ಲರೂ ಒಮ್ಮೆಲೇ ಮಾರುವ ಸುಗ್ಗಿಯಲ್ಲಿ ಬೆಲೆ ಇಳಿದಿರುತ್ತದೆ. ಮಳೆಗಾಲಕ್ಕೆ ಅದೇ ಜೋಳ ಹೆಚ್ಚಿಗೆ ಕೊಟ್ಟು ನಾವೇ ಕೊಂಡು ತಂದೆವು. ಮೊದಲು ಹಗೇವು ಬರಿದಾಯಿತು, ಆಮೇಲೆ ಎತ್ತು ಹೋದವು, ಕಡೆಗೆ ಮನಿಮಂದಿ ಹೋದರು. ಈಗ ಹಳೇ ಕಟ್ಟಿಗೆಯವರು ನಮ್ಮ ತೊಲೆ, ಬಾಗಿಲಿಗೆ ಬೆಲೆ ಕಟ್ಟುತ್ತಿದ್ದಾರೆ. ಅಲ್ಲೂ ರೇಟು ಹೇಳೋರು ಅವರೇ!

ಹಳೇ ಹಗೇವು ಮತ್ತೆ ತೋಡ್ರಿ ಅಂತ ನಾ ಹೇಳೂದಿಲ್ಲ. ಅದು ಕೊಡುತ್ತಿದ್ದ ಬಲ ಬೇಕು. ಕೃಷಿ ಮಾರುಕಟ್ಟೆಗಳಲ್ಲಿ ಅಡಮಾನ ಸಾಲದ ಪದ್ಧತಿ ಇದೆ: ಮಾಲು ಉಗ್ರಾಣದಲ್ಲಿಟ್ಟು, ಅದರ ಮೇಲೆ ಹಣ ಪಡೆದು, ಬೆಲೆ ಬಂದಾಗ ಮಾರುವುದು. ಉಗ್ರಾಣದ ರಸೀದಿಗೆ 2007ರ ಕಾಯಿದೆಯ ಆಸರೆಯೂ ಇದೆ. ಬಾಡಿಗೆ, ಬಡ್ಡಿ ಲೆಕ್ಕ ಹಾಕಿಯೇ ಇಡ್ರಿ. ಒಬ್ಬನ ನಾಲ್ಕು ಚೀಲಕ್ಕೆ ಖರ್ಚು ಭಾರ. ಊರಿನ ಹತ್ತು ಮಂದಿ ಕೂಡಿದರೆ ಹಗುರ. ಸಾಲದ ಗಡುವು ಸುಗ್ಗಿಯ ದಿನಕ್ಕೇ ಬೀಳಬಾರದು ಎಂದು ಎಲ್ಲರೂ ಒಂದೇ ದನಿಯಲ್ಲಿ ಕೇಳಬೇಕು.

ನಿಂತಿರುವ ಮನೆಗಳು ಇನ್ನೂ ಅದಾವ. ಈ ಸುಗ್ಗಿಯ ರಾಶಿ ಮುಗಿಯೂದರೊಳಗ ನಿಮ್ಮ ನಿಮ್ಮ ಊರೊಳಗ ಕೂತು ಮಾತಾಡ್ರಿ.